ಮಾವಶಿ ನೀರಿನಿಂದ ಏಳದ ಹೊತ್ತು

ದಂಡೆಯ ಮೇಲಿದ್ದವರ ಮುಖ ಒಂದೂ ನನಗೆ ನೆನಪಿಲ್ಲ. ಎಲ್ಲರ ಮುಖದ ಮುಂದೆಯೂ ಫೋನಿತ್ತು. ಕೈಗಳು ನೆನಪಿವೆ. ಒಬ್ಬನ ಬೆರಳಲ್ಲಿ ಹರಳಿನ ಉಂಗುರ, ಒಬ್ಬನ ಮಣಿಕಟ್ಟಿಗೆ ಕೆಂಪು ದಾರ. ಇನ್ನೊಬ್ಬ ಎಡಗೈಯಲ್ಲಿ ಸುಟ್ಟ ಗೋವಿನಜೋಳದ ತೆನೆ ಹಿಡಿದುಕೊಂಡು ಬಲಗೈಯಲ್ಲಿ ನಮ್ಮ ವಿಡಿಯೊ ತೆಗೆಯುತ್ತಿದ್ದ. ತೆನೆಯನ್ನು ಅವನು ಕೊನೆಯವರೆಗೂ ಕೆಳಗಿಡಲಿಲ್ಲ, ನಡುನಡುವೆ ಕಚ್ಚಿ ತಿಂದ.

ನಾನು ದೂಧಗಂಗಾ ಹೊಳೆಯ ಆಚೆ ದಂಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ, ಊರವರ ಮಾತಿನಲ್ಲಿ ಬಾಯಾರು. ಮನೆ ಈಚೆ, ಚಿಕ್ಕೋಡಿ ಕಡೆ. ನಡುವೆ ಒಂದು ತಗ್ಗಿನ ಸೇತುವೆ. ಮಳೆಗಾಲದಲ್ಲಿ ನಮ್ಮಲ್ಲಿ ಬರೀ ಜಿಟಿಜಿಟಿ ಹನಿ ಇದ್ದರೂ ಕೊಲ್ಲಾಪುರದ ಆಚೆ ಘಟ್ಟದಲ್ಲಿ ಸುರಿದದ್ದು ಎರಡು ದಿನದಲ್ಲಿ ಇಲ್ಲಿಗೆ ಬಂದು ಮುಟ್ಟುತ್ತದೆ, ಸೇತುವೆ ಮುಳುಗುತ್ತದೆ. ಮುಳುಗಿದರೆ ದೂರದ ದೊಡ್ಡ ಸೇತುವೆಯ ಮೇಲೆ ಸುತ್ತಿ ಬರಬೇಕು. ಎರಡು ಬಸ್ಸು, ಒಂದು ಟಮ್‌ಟಮ್, ಒಟ್ಟು ಎರಡು ತಾಸಿನ ದಾರಿ. ಅದಕ್ಕೆ ಪೂರ್ತಿ ಮುಳುಗುವ ಮುಂಚಿನ ಒಂದೆರಡು ದಿನ ಜನ ಕೈ ಕೈ ಹಿಡಿದು ನೀರಿನಲ್ಲೇ ದಾಟುತ್ತಾರೆ.

ದಾಟುವುದಕ್ಕೊಂದು ಅಳತೆ ಇದೆ. ಸೇತುವೆಯ ಎರಡೂ ಅಂಚಿಗೆ ನಿಲ್ಲಿಸಿದ ಕಲ್ಲಿನ ಗೂಟಗಳಿಗೆ ಸುಣ್ಣದ ಬಿಳಿ ಪಟ್ಟಿ ಬಳಿದಿರುತ್ತಾರೆ. ಪಟ್ಟಿ ಕಾಣುತ್ತಿದ್ದರೆ ನೀರು ಮೊಣಕಾಲಿನ ಕೆಳಗಿದೆ, ದಾಟಬಹುದು. ಪಟ್ಟಿ ಮುಳುಗಿದ್ದರೆ ಯಾರೂ ಕಾಲಿಡುವುದಿಲ್ಲ. ಹೊಸಬರಾದರೆ ನೀರನ್ನು ನೋಡಿ ಹೆದರುತ್ತಾರೆ. ಈ ದಂಡೆಯವರು ನೀರನ್ನು ನೋಡುವುದೇ ಇಲ್ಲ, ಪಟ್ಟಿಯನ್ನು ನೋಡುತ್ತಾರೆ. ಹದಿನಾಲ್ಕು ವರ್ಷದಲ್ಲಿ ನಾನೂ ಹಾಗೇ ಆಗಿದ್ದೆ.

ಆ ಬೇಸಿಗೆಯಲ್ಲಿ ಗುತ್ತಿಗೆದಾರ ಹಳೆಯ ಗೂಟಗಳನ್ನು ಕಿತ್ತು ಹೊಸವನ್ನು ಹಾಕಿಸಿದ್ದ. ಹೊಸವು ಎತ್ತರವಾಗಿದ್ದವು, ಪಟ್ಟಿಯೂ ಒಂದು ಗೇಣಿಗಿಂತ ಹೆಚ್ಚು ಮೇಲೆ ಹೋಗಿತ್ತು. ನಾವೆಲ್ಲ ದಿನಾ ಅವುಗಳ ಪಕ್ಕದಲ್ಲೇ ಓಡಾಡಿದವರು. ಚಲೋ ಆಯಿತು, ಗಟ್ಟಿಯಾಗಿವೆ ಎಂದು ಮಾತಾಡಿಕೊಂಡೆವು. ಅಳತೆ ಬದಲಾಗಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ನೀರು ಏರುತ್ತಿದೆ ಎಂದು ಆವತ್ತು ಶಾಲೆಯನ್ನು ಮೂರು ಗಂಟೆಗೇ ಬಿಟ್ಟೆವು. ನಮ್ಮ ಹಿರಿಯ ಮಾಸ್ತರರಿಗೆ ಅವಸರವಿತ್ತು. ಅವರು ಜೈನರು, ಹೊತ್ತು ಮುಳುಗುವ ಮೊದಲು ಊಟ ಮುಗಿಸುವವರು. ಸುತ್ತಿ ಹೋದರೆ, ಒಂದು ಬಸ್ಸು ತಪ್ಪಿದರೂ, ಆ ದಿನ ಉಪವಾಸವೇ. ಸೇತುವೆಗೆ ಬಂದು ನೋಡಿದರೆ ಪಟ್ಟಿ ಕಾಣುತ್ತಿತ್ತು. ಕಬ್ಬಿನ ಹೊಲದ ಕಳೆ ಮುಗಿಸಿ ಮರಳುತ್ತಿದ್ದ ಇಬ್ಬರು ಹೆಣ್ಣುಮಕ್ಕಳು ಅಲ್ಲೇ ಇದ್ದರು. ನೀರು ಏರುವ ಮೊದಲೇ ಎಂದು ಬೇಗ ಹಿಂಡಿದ ಸಂಜೆಯ ಹಾಲು ಹಾಕಲು ಈಚೆ ದಂಡೆಯ ಡೇರಿಗೆ ಹೊರಟ ಮಾವಶಿಯೂ ಇದ್ದಳು.

ಅವಳನ್ನು ಊರೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. ಐವತ್ತೈದು ದಾಟಿದವಳು, ಗಂಡ ಇಲ್ಲ, ಮಗ, ಸೊಸೆ, ಎರಡು ಎಮ್ಮೆ. ಇವತ್ತಿಗೂ ಒಂಬತ್ತು ಗಜದ ಸೀರೆಯನ್ನು ಕಚ್ಚೆ ಹಾಕಿ ಉಡುತ್ತಾಳೆ. ಹಾಗೆ ಉಡುವವರು ಒಳಗೆ ಲಂಗ ಉಡುವುದಿಲ್ಲ. ಇದನ್ನು ಬರೆಯಲು ನನಗೆ ಸಂಕೋಚವಾಗುತ್ತದೆ, ಆದರೆ ಬರೆಯದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಮಾವಶಿಗೆ ಫೋಟೊ ಎಂದರೆ ಆಗದು ಎಂದಲ್ಲ. ಒಮ್ಮೆ ಶಾಲೆಯ ಪಕ್ಕದಲ್ಲಿ ಅವಳು ಎಮ್ಮೆ ಹಿಡಿದು ನಿಂತಿದ್ದಾಗ, ಒಂದು ಫೋಟೊ ತೆಗೆಯಲೇ ಎಂದು ಕೇಳಿದ್ದೆ. "ತಡೀರಿ ಬಾಯಾರ," ಎಂದು ನನ್ನನ್ನು ಬಿಸಿಲಲ್ಲಿ ನಿಲ್ಲಿಸಿ, ಸೆರಗನ್ನು ತಲೆ ತುಂಬ ಹೊದ್ದು, ಎಮ್ಮೆಯ ಮೂತಿಯನ್ನೂ ಒರೆಸಿ, ಆಮೇಲೆ "ಹಾಂ, ಈಗ ಹೊಡೀರಿ" ಎಂದಳು. ತೆಗೆದದ್ದನ್ನು ನೋಡಿ, "ಎಮ್ಮಿ ಚಲೋ ಬಂದೈತಿ, ನಾನss ಎಮ್ಮಿ ಹಂಗ ಬಂದೀನಿ" ಎಂದು ನಕ್ಕಳು. ಕಳೆ ತೆಗೆಯುವ ಹೆಂಗಸರೂ ಹಾಗೇ. ಕೇಳಿದರೆ ಸಾಲಾಗಿ ನಿಲ್ಲುತ್ತಾರೆ, ಕುರಪಿಯನ್ನು ಬೆನ್ನ ಹಿಂದೆ ಮುಚ್ಚಿಡುತ್ತಾರೆ. ಕೇಳಬೇಕು, ತಯಾರಾಗಲು ಎರಡು ನಿಮಿಷ ಕೊಡಬೇಕು. ಅಷ್ಟೇ ಅವರಿಗೆ ಬೇಕಾದದ್ದು.

ಮಾಸ್ತರರು ಮುಂದೆ, ಅವರ ಕೈ ಹಿಡಿದು ನಾನು, ನನ್ನ ಹಿಂದೆ ಮಾವಶಿ, ಕೊನೆಗೆ ಆ ಇಬ್ಬರು. ನಾಲ್ಕು ಹೆಜ್ಜೆ ಇಟ್ಟಾಗಲೇ ನೀರು ಮೊಣಕಾಲು ದಾಟಿತ್ತು. "ಪಟ್ಟಿ ಕಾಣಾಕತ್ತೈತಲ್ಲ, ನಡೀರಿ," ಎಂದರು ಮಾಸ್ತರರು. ನಡು ಸೇತುವೆಗೆ ತೊಡೆ ಮುಟ್ಟಿತು. ಆಗ ಹಿಂದಕ್ಕೂ ಅಷ್ಟೇ ದೂರ, ಮುಂದಕ್ಕೂ ಅಷ್ಟೇ ದೂರ.

ಎದುರಿನ ದಂಡೆಯಲ್ಲಿ ಜನ ನಿಂತಿದ್ದರು. ಪ್ರತಿ ವರ್ಷ ನಿಲ್ಲುತ್ತಾರೆ. ಹೊಳೆ ಬಂತು ಎಂದರೆ ನಿಪ್ಪಾಣಿ, ರಾಯಬಾಗ, ಅಥಣಿಯಿಂದೆಲ್ಲ ಬೈಕು, ಕಾರು ತಗೊಂಡು ನೀರು ನೋಡಲು ಬರುತ್ತಾರೆ, ತೆನೆ ಸುಡುವವರೂ ಬಂದು ಒಲೆ ಹೂಡುತ್ತಾರೆ. ಹಿಂದಿನ ವರ್ಷ ನಾನೂ ಅಲ್ಲಿ ನಿಂತು, ತೇಲಿ ಹೋಗುತ್ತಿದ್ದ ಒಂದು ಸತ್ತ ಹೋರಿಯ ವಿಡಿಯೊ ತೆಗೆದು ಅಕ್ಕನಿಗೆ ಕಳಿಸಿದ್ದೆ. ಅದಕ್ಕೆ ಅಳುವ ಮುಖದ ಚಿತ್ರ ಬೇರೆ ಹಚ್ಚಿದ್ದೆ.

ದಂಡೆ ಇನ್ನು ಹತ್ತು ಹದಿನೈದು ಹೆಜ್ಜೆ ಇದ್ದಾಗ ಮಾಸ್ತರರ ಕೈ ನನ್ನ ಕೈಯಿಂದ ಕಿತ್ತುಕೊಂಡಿತು. ಅವರು ಬಿದ್ದದ್ದನ್ನು ನಾನು ನೋಡಲಿಲ್ಲ. ನೋಡಿದಾಗ ಅವರು ಸೇತುವೆಯ ಹೊರಗಿದ್ದರು, ನೀರು ಹರಿದು ಹೋಗುವ ಬದಿಯ ಒಂದು ಗೂಟವನ್ನು ಎರಡೂ ತೋಳಿಂದ ತಬ್ಬಿಕೊಂಡಿದ್ದರು. ಕಾಲು ನೀರಿನಲ್ಲಿ ಉದ್ದಕ್ಕೆ ತೇಲುತ್ತಿದ್ದವು. ಗೂಟ ನಮ್ಮಿಂದ ಮೂರು ಮಾರು ದೂರ. ಹತ್ತಿರ ಹೋದರೆ ನಾವೂ ಹೋಗುತ್ತಿದ್ದೆವು.

ನಾನು ದಂಡೆಯ ಕಡೆ ತಿರುಗಿ ಹಗ್ಗ, ಹಗ್ಗ ಎಂದು ಕೂಗಿದೆ. ಯಾರೂ ಕದಲಲಿಲ್ಲ. ಅಷ್ಟರಲ್ಲಿ ಹಿಂದೆ ಹಾಲಿನ ಕ್ಯಾನು ಗೂಟಕ್ಕೆ ಬಡಿದು ತೇಲಿ ಹೋಯಿತು. ಮಾವಶಿ ಕಚ್ಚೆ ಬಿಚ್ಚುತ್ತಿದ್ದಳು. ಸೀರೆಯ ಒಂದು ತುದಿಯನ್ನು ನೀರು ಬರುವ ಬದಿಯ ಗೂಟಕ್ಕೆ ಎರಡು ಸುತ್ತು ಸುತ್ತಿ ನಮ್ಮ ಕೈಗೆ ಕೊಟ್ಟು, ಇನ್ನೊಂದು ತುದಿಗೆ ಗಂಟು ಹಾಕಿ ಎಸೆದಳು. ಎರಡನೇ ಸಲಕ್ಕೆ ಅದು ಮಾಸ್ತರರಿಗೆ ಸಿಕ್ಕಿತು. "ರಟ್ಟಿಗೆ ಸುತ್ತಿಗೋರಿ ಮಾಸ್ತರ, ಗೂಟಾ ಬಿಡ್ರಿ," ಎಂದು ಕೂಗಿದಳು. ನಾಲ್ವರೂ ಎಳೆದೆವು. ಅವರು ಹೊಟ್ಟೆ ಮೇಲೆ ಜಾರುತ್ತ ಸೇತುವೆಯ ಮೇಲೆ ಬಂದರು. ಇಬ್ಬರು ಹೆಣ್ಣುಮಕ್ಕಳು ಅವರನ್ನು ಎರಡು ಬದಿಗೆ ಹಿಡಿದು ದಂಡೆಗೆ ನಡೆಸಿದರು. ಆ ಗಡಿಬಿಡಿಯಲ್ಲಿ ಸೀರೆ ಬಿಚ್ಚಿಕೊಂಡು ಹೊಳೆಯ ಪಾಲಾಯಿತು.

ನಾನು ಹೊರಳಿ ನೋಡಿದರೆ ಮಾವಶಿ ನೀರಿನಲ್ಲಿ ಕುಳಿತಿದ್ದಳು. ಬಿದ್ದಿರಲಿಲ್ಲ, ಕುಳಿತಿದ್ದಳು. ಎರಡೂ ಕೈಯಿಂದ ಗೂಟವನ್ನು ಹಿಡಿದು, ಎದೆಯ ತನಕ ನೀರಿನಲ್ಲಿ.

"ಏಳ್ರಿ ಮಾವಶಿ, ನೀರ ಏರಾಕತ್ತೈತಿ."

"ಒಲ್ಲೆ. ಅವ್ರ ಫೋನ್ ಇಳಸಲಿ."

ಚೂಡಿದಾರದ ಮೇಲಿನ ನನ್ನ ಓಢಣಿಯನ್ನು ತೆಗೆದು ಕೊಡಹೋದೆ. "ಅದನ್ನ ಸುತ್ತಿಗೊಳ್ಳಾಕ ಏಳಬೇಕಲ್ಲ. ಕೈ ಬಿಡಬೇಕಲ್ಲ," ಎಂದಳು. ನಿಜವಿತ್ತು. ಗೂಟ ಬಿಟ್ಟರೆ ಅವಳನ್ನು ಹಿಡಿಯಲು ನಾನೊಬ್ಬಳು ಸಾಲುತ್ತಿರಲಿಲ್ಲ. "ನೀವ್ ಹೋಗ್ರಿ, ಅವ್ರಿಗೆ ಹೇಳ್ರಿ. ಅತ್ತಾಗ ತಿರಗಲಿ, ಎದ್ದ ಬರತೀನಿ."

ನಾನು ದಂಡೆಗೆ ಓಡಿದೆ. ಓಡಲಾಗದು, ಆ ನೀರಿನಲ್ಲಿ ಒದ್ದಾಡಿಕೊಂಡು ಹೋದೆ. ಕೈ ಮುಗಿದೆ. ಹೌದು, ಆ ಜನಕ್ಕೆ ಕೈ ಮುಗಿದಿದ್ದೇನೆ, ಅದೂ ವಿಡಿಯೊದಲ್ಲಿ ಇದೆ. "ಫೋನ್ ಇಳಸ್ರಿ, ಒಂದ ನಿಮಿಷ ಆ ಕಡೆ ತಿರಗ್ರಿ, ಆಕಿ ಮೈಮ್ಯಾಲ ಅರಬಿ ಇಲ್ಲ."

ಈ ಕೊನೆಯ ಮಾತನ್ನು ಹೇಳಬಾರದಿತ್ತು. ಹೇಳಿದ ಮೇಲೆ ಹಿಂದಿನ ಸಾಲಿನಲ್ಲಿದ್ದವರೂ ಮುಂದೆ ಬಂದರು.

"ನಾವೇನ್ ಮಾಡೇವ್ರಿ ಬಾಯಾರ, ನಾವ್ ನೀರ ತಗ್ಯಾಕತ್ತೇವಿ," ಎಂದ ಒಬ್ಬ.

"ಪಬ್ಲಿಕ್ ಜಾಗಾ ಐತ್ರಿ ಇದು."

"ಇದನ್ನ ಹಾಕಿದ್ರss ಸರ್ಕಾರಕ್ಕ ಬುದ್ಧಿ ಬರತೈತಿ. ಸೇತುವೆ ಎತ್ತರ ಮಾಡ್ತಾರ, ನಿಮಗss ಚಲೋ."

ಹಿಂದಿನಿಂದ ಯಾರೋ ನಗುತ್ತ ಮರಾಠಿಯಲ್ಲಿ, "ಓ ಮಾವಶಿ, ಇಕಡೆ ಬಘಾ," ಈ ಕಡೆ ನೋಡು ಎಂದು ಕೂಗಿದ. ರೇನ್‌ಕೋಟು ಹಾಕಿಕೊಂಡಿದ್ದ ಒಬ್ಬನ ಹತ್ತಿರ ಅದನ್ನು ಕೇಳಿದೆ. "ನಾ ತೊಯ್ತೀನಲ್ರಿ," ಎಂದ. ತೆನೆ ತಿನ್ನುತ್ತಿದ್ದವನು ಜಗಿಯುವುದನ್ನು ನಿಲ್ಲಿಸಿ ಬಹಳ ಮರ್ಯಾದೆಯಿಂದ, "ಬಾಯಾರ, ಸ್ವಲ್ಪ ಬಾಜೂ ಸರೀರಿ," ಎಂದ. ನಾನು ಅಡ್ಡ ನಿಂತಿದ್ದೆ.

ಅವರು ರಾಕ್ಷಸರಾಗಿದ್ದರೆ ನನಗೆ ಇಷ್ಟು ಹೇಸಿಕೆ ಆಗುತ್ತಿರಲಿಲ್ಲ. ಬೇರೆ ದಿನ ಬಸ್ಸಿನಲ್ಲಿ ಎದ್ದು ನನಗೆ ಸೀಟು ಕೊಡುವ ಜನ ಇವರು. ರೀ ಹಚ್ಚಿಯೇ ಮಾತಾಡಿದರು. ಮಾತಾಡುತ್ತ ಒಬ್ಬನೂ ಕೈ ಇಳಿಸಲಿಲ್ಲ.

ಕಳೆ ತೆಗೆಯುವ ಇಬ್ಬರಲ್ಲಿ ಚಿಕ್ಕವಳು ಮಾಸ್ತರರನ್ನು ಒಂದು ಕಲ್ಲಿನ ಮೇಲೆ ಕೂಡಿಸಿ ಬಂದಳು. ಇಪ್ಪತ್ತೈದರ ಹುಡುಗಿ. ಆ ಸಾಲನ್ನು ಒಮ್ಮೆ ನೋಡಿ, "ನಿಮ್ಮವ್ವಾರಿಗೂ ಕಳಸ್ರಿ ಅದನ್ನ," ಎಂದಳು, "ಎಂಥಾ ಗಂಡಮಕ್ಳನ್ನ ಹಡದಾರ ನೋಡಿಕೊಳ್ಳಲಿ." ಆಮೇಲೆ ನನ್ನ ಕೈ ಹಿಡಿದು, "ಬರ್ರಿ ಬಾಯಾರ, ಇವ್ರಿಗೇನ್ ಹೇಳ್ತೀರಿ. ಮರಿ ಹಿಡಿಯೂಣು," ಎಂದಳು.

ನಮ್ಮ ಹೊಳೆಸಾಲಿನ ಹೆಂಗಸರಿಗೆ ಅದು ಹೊಸದಲ್ಲ. ಹೊಳೆಗೆ ಮಿಂದು ಸೀರೆ ಬದಲಿಸುವಾಗ ಇಬ್ಬರು ಮೂವರು ಸುತ್ತ ನಿಂತು ಸೆರಗು ಹರವಿ ಮರೆ ಹಿಡಿಯುತ್ತಾರೆ, ಆಮೇಲೆ ಸರದಿ ಬದಲಾಗುತ್ತದೆ. ಮರೆ ಹಿಡಿದವರು ಒಳಗೆ ನೋಡುವುದಿಲ್ಲ, ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಆದರೆ ಅದು ಮೊಣಕಾಲುದ್ದದ ನಿಂತ ನೀರಿನಲ್ಲಿ.

ಮೂವರೂ ಮತ್ತೆ ಇಳಿದೆವು. ಆಗಲೇ ನೀರು ನಡು ಮುಟ್ಟುತ್ತಿತ್ತು. ಮಾವಶಿಗೆ ಕುತ್ತಿಗೆಗೆ ಬಂದಿತ್ತು, ಗದ್ದವನ್ನು ಮೇಲೆತ್ತಿ ಹಿಡಿದಿದ್ದಳು. ಹಿರಿಯವಳು ಹಿಂದಿನಿಂದ ಅವಳ ಬಗಲಲ್ಲಿ ಕೈ ಹಾಕಿ ಹಿಡಿದಳು. ಚಿಕ್ಕವಳು ದಂಡೆಯ ಕಡೆ ಸೆರಗು ಹರವಿದಳು. ಅದರ ಇನ್ನೊಂದು ಅಂಚು ನನ್ನ ಕೈಯಲ್ಲಿ, ಇನ್ನೊಂದು ಕೈಯಲ್ಲಿ ಓಢಣಿ. "ಈಗ ಏಳ ಬೇ," ಎಂದಳು ಹಿರಿಯವಳು. ಮಾವಶಿ ಎದ್ದಳು. ಓಢಣಿಯನ್ನು ಸುತ್ತಿ ಗಂಟು ಹಾಕಲು ಅವಳ ಬೆರಳು ಮಡಚುತ್ತಿರಲಿಲ್ಲ, ಅಷ್ಟು ಸೆಟೆದಿದ್ದವು. ಗಂಟನ್ನು ನಾನೇ ಕಟ್ಟಿದೆ. ಒಬ್ಬರನ್ನೊಬ್ಬರು ಹಿಡಿದುಕೊಂಡು ಒಂದು ಮುದ್ದೆಯಾಗಿ ದಂಡೆಗೆ ಬಂದೆವು. ಆ ಸಾಲು ನಮಗೆ ದಾರಿ ಬಿಟ್ಟಿತು. ಹಿಮ್ಮುಖವಾಗಿ ನಡೆಯುತ್ತ, ತೆಗೆಯುತ್ತ.

ಎಷ್ಟು ಹೊತ್ತು ಅವಳು ನೀರಿನಲ್ಲಿ ಕುಳಿತಿದ್ದಳು ಎಂದು ಆಗ ಕೇಳಿದ್ದರೆ ಒಂದೆರಡು ನಿಮಿಷ ಎನ್ನುತ್ತಿದ್ದೆ. ಒಂಬತ್ತು ನಿಮಿಷ. ಒಂದು ವಿಡಿಯೊದಲ್ಲಿ ಪೂರ್ತಿ ಇದೆ, ಅದನ್ನು ತೆಗೆದವನ ಕೈ ಸ್ವಲ್ಪವೂ ನಡುಗಿಲ್ಲ.

ಮಾಸ್ತರರು ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ವಿಡಿಯೊಗಳು ಅದಕ್ಕಿಂತ ಮೊದಲು ಎಲ್ಲರ ಮನೆಗೆ ಹೋಗಿದ್ದವು. ಅವತ್ತು ಸಂಜೆಯೇ ಕರೋಶಿಯಿಂದ ಅಕ್ಕ ಒಂದನ್ನು ಕಳಿಸಿ, "ಇದು ನಿಮ್ಮ ಸೇತುವಿ ಅಲ್ಲೇನ?" ಎಂದು ಕೇಳಿದಳು. ಅದರಲ್ಲಿ ನಾನಿರುವುದನ್ನು ಅವಳು ಗುರುತಿಸಿರಲಿಲ್ಲ. ಕೆಲವಕ್ಕೆ ಹಲಗೆ ವಾದ್ಯದ ಸಪ್ಪಳ ಹಚ್ಚಿ ನಗೆಯ ಮುಖ ಅಂಟಿಸಿದ್ದರು. ಕೆಲವಕ್ಕೆ ಭಕ್ತಿಯ ಸಂಗೀತ ಹಚ್ಚಿ, ಈ ತಾಯಿಗೆ ನಮಸ್ಕಾರ ಎಂದು ಬರೆದಿದ್ದರು. ನಮಸ್ಕಾರ ಎಂದವರು ತೋರಿಸಿದ್ದೂ ಅದನ್ನೇ, ಇನ್ನೂ ದೊಡ್ಡದು ಮಾಡಿ. ಒಂದು ದಿನ ಕಾಗವಾಡಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದ ಹೆಂಗಸು ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡು ಅದನ್ನು ನೋಡುತ್ತಿದ್ದಳು. ಲೊಚಗುಟ್ಟಿ, ಮತ್ತೆ ಮೊದಲಿನಿಂದ ಹಚ್ಚಿದಳು. ನಾನು ಮುಂದಿನ ಸ್ಟಾಪಿಗೆ ಇಳಿದುಬಿಟ್ಟೆ.

ಹೊಳೆ ಇಳಿಯಿತು, ಸೇತುವೆ ಕಂಡಿತು, ಶಾಲೆ ಶುರುವಾಯಿತು. ಮಾವಶಿ ಡೇರಿಗೆ ಬರಲಿಲ್ಲ. ಹಾಲನ್ನು ಸೊಸೆ ಬಗಲಮನೆಯವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದಳು. ನಾನು ಮನೆಗೆ ಹೋದಾಗ ಮಾವಶಿ ಎಮ್ಮೆಯ ಕೊಟ್ಟಿಗೆಯಲ್ಲಿ ಸಗಣಿ ಬಳಿಯುತ್ತಿದ್ದಳು. ಹೊಸ ಸೀರೆ, ಅದೇ ಕಚ್ಚೆ.

"ಮಗ ಏನಂತಾನ ಗೊತ್ತೇನ್ರಿ? ಬ್ಯಾರೇವ್ರ ಸಲುವಾಗಿ ನೀ ಯಾಕ ಬಿಚ್ಚಬೇಕಾಗಿತ್ತು ಅಂತಾನ. ಮತ್ತ ಮಾಸ್ತರಗ ಏನ ಒಗೀಲೋ, ನಿನ್ನ ಪ್ಯಾಂಟ ಒಗೀಲೇನು ಅಂದೆ." ಕೈ ತೊಳೆದು ಬಂದು ನನ್ನೆದುರು ಕುಳಿತಳು. "ಬಾಯಾರ, ಒಂದ ಕೇಳ್ತೀನಿ. ನಾ ಎದ್ದಾಗ ಫೋನಿನ್ಯಾಗ ಹಿಡದಾರೇನು?"

"ನಾ ಎಲ್ಲಾ ನೋಡಿಲ್ಲ ಮಾವಶಿ."

"ನೋಡ್ರಿ. ನೀವು ಕಲತಾವ್ರು, ಹುಡಕಾಕ ಬರತೈತಿ. ಮಗನ ಕೇಳಾಕ ಆಗೂದಿಲ್ಲ. ನೀರಾಗ ಕುಂತಿದ್ದ ನೋಡಲಿ, ಅದಕ ನಾ ಏನೂ ಅನ್ನೂದಿಲ್ಲ. ಎದ್ದದ್ದ ನೋಡ್ಯಾರಂದ್ರ ನಾ ಆ ಡೇರಿ ಮೆಟ್ಟಲಾ ಹತ್ತೂದಿಲ್ಲ. ಎಮ್ಮಿ ಮಾರಿಬಿಡತೀನಿ."

ಹೀಗಾಗಿ ನಾನು ನೋಡಲು ಕುಳಿತೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ, ಮಕ್ಕಳು ಅಂಗಳದಲ್ಲಿ ಗಲಾಟೆ ಮಾಡುವಾಗ, ಖಾಲಿ ತರಗತಿಯ ಬಾಗಿಲು ಮುಂದೆ ಮಾಡಿಕೊಂಡು. ಹದಿನಾಲ್ಕು ಸಿಕ್ಕವು. ಪ್ರತಿಯೊಂದನ್ನೂ ತಡೆ ತಡೆದು, ಬೆರಳಿಂದ ಹಿಗ್ಗಿಸಿ ನೋಡಬೇಕಿತ್ತು. ಮಾಸ್ತರರ ಕೈ ನನ್ನ ಕೈಯಿಂದ ಹೋಗುವುದನ್ನು ಹದಿನಾಲ್ಕು ಕಡೆಯಿಂದ ನೋಡಿದೆ. ನಾನು ಹಿಡಿದಿದ್ದೆನೋ, ಬಿಟ್ಟೆನೋ ಎಂಬುದು ಒಂದರಲ್ಲೂ ತಿಳಿಯುವುದಿಲ್ಲ. ನಮ್ಮನ್ನು ನೋಡಲು ಅವರು ಹುಡುಕಿದ ಹಾಗೆಯೇ ನಾನೂ ಈಗ ಹುಡುಕುತ್ತಿದ್ದೆ, ಅದೇ ಜಾಗವನ್ನು, ಅದೇ ಗಳಿಗೆಯನ್ನು. ಒಂದೊಂದು ಸಲ ಫೋನನ್ನು ಮೇಜಿನ ಮೇಲೆ ಮುಖ ಕೆಳಗೆ ಮಾಡಿ ಇಟ್ಟು ಹೋಗಿ ಕೈ ತೊಳೆದು ಬರುತ್ತಿದ್ದೆ.

ಹದಿಮೂರರಲ್ಲಿ ಬರೀ ಸೆರಗು ಮತ್ತು ನಮ್ಮ ಮೈ. ಒಂದನ್ನು ಯಾರೋ ಸಾಮಾನಿನ ಗಾಡಿಯ ಮೇಲೆ ಹತ್ತಿ ತೆಗೆದಿದ್ದ. ಅದರಲ್ಲಿ ಸೆರಗಿನ ಮೇಲಿಂದ ಎಲ್ಲ ಕಾಣುತ್ತದೆ. ನಾಲ್ಕೈದು ಸೆಕೆಂಡು, ಅವಳ ಮುಖ ಸಮೇತ. ಚಿಕ್ಕವಳ ಕೈ ನೆಟ್ಟಗೆ ಮೇಲಿದೆ. ಕೆಳಗೆ ಜೋತಿರುವುದು ನನ್ನ ಕಡೆಯ ಅಂಚು. ನೀರಿಗೆ ಹೆದರಿ ನಾನು ಕೈಯನ್ನು ಮೈಗೆ ಒತ್ತಿಕೊಂಡಿದ್ದೇನೆ.

ಅದನ್ನು ಹಾಕಿದವನಿಗೆ ತೆಗೆಯಪ್ಪ ಎಂದು ಬರೆದೆ. ಒಂದು ತಾಸಿಗೆ ಉತ್ತರ ಬಂತು. "ಮೇಡಂ, ಒಳ್ಳೆ ಉದ್ದೇಶಕ್ಕ ಹಾಕೇನ್ರಿ. ನಿಮ್ಮ ಮುಖ ಬ್ಯಾಡಂದ್ರ ಬ್ಲರ್ ಮಾಡ್ತೀನಿ." ನನ್ನ ಮುಖ! ದೂರು ಕೊಟ್ಟು ಅದನ್ನು ಒಂದು ಕಡೆ ತೆಗೆಸಿದೆ. ಮೂರು ದಿನಕ್ಕೆ ಇನ್ನೊಂದು ಕಡೆ ಬಂತು, ಬೇರೆ ಹಾಡಿನ ಜೊತೆ. ಈಗಲೂ ವಾರಕ್ಕೆರಡು ಸಲ ಹುಡುಕುತ್ತೇನೆ, ಸಿಕ್ಕಾಗ ದೂರು ಕೊಡುತ್ತೇನೆ.

ಮಾವಶಿಗೆ ಸುಳ್ಳು ಹೇಳಿದೆ.

"ಎಲ್ಲಾ ನೋಡಿದ್ರೇನು?" ಎಂದು ಕೇಳಿದಳು.

"ಎಲ್ಲಾ ನೋಡಿದೆ. ಸೆರಗss ಕಾಣತೈತಿ, ನಮ್ಮ ಬೆನ್ನು ಕಾಣತಾವ. ನೀವು ಕಾಣೂದಿಲ್ಲ."

ಅವಳು ತೋಳನ್ನು ತಿಕ್ಕಿಕೊಳ್ಳುತ್ತ, "ಆ ಮಾಸ್ತರ ಎಷ್ಟ ವಜ್ಜಿ ಅದಾನ್ರಿ," ಎಂದಳು. "ಹೊತ್ತ ಮುಳಗೂದ್ರಾಗ ಒಂದss ಊಟ ಮಾಡ್ತಾನೋ, ನಾಕ ಮಾಡ್ತಾನೋ. ನನ್ನ ರಟ್ಟಿ ಇನ್ನೂ ನೋಯ್ತಾವ." ಸೊಸೆಯನ್ನು ಕರೆದು ಹೊಸ ಕ್ಯಾನು ಎಲ್ಲಿಟ್ಟಿದ್ದೀ ಎಂದು ಕೇಳಿದಳು.

ಮರುದಿನ ಸಂಜೆ ಸೇತುವೆ ದಾಟಿ ಅವಳ ಜೊತೆ ನಾನೂ ಡೇರಿಗೆ ಹೋದೆ. ಅವಳು ಕರೆದಿರಲಿಲ್ಲ. ಹಾಲಿನವರ ಸಾಲಿನಲ್ಲಿ ಹತ್ತು ಹನ್ನೆರಡು ಜನ ಇದ್ದರು. "ಬಾ ಮಾವಶಿ, ಎಮ್ಮಿ ಬತ್ತಿಸಿಗೊಂಡೀಯೋ ಏನ ಅಂತಿದ್ವಿ," ಎಂದ ಒಬ್ಬ ಮುದುಕ. "ನಿನ್ನ ಬಾಯಿ ಬತ್ತಲಿ," ಎಂದು ಮಾವಶಿ ಮೆಟ್ಟಿಲು ಹತ್ತಿದಳು.

ಆಗಲೇ ಸಾಲಿನ ಕೊನೆಯಲ್ಲಿದ್ದ ಒಬ್ಬ ನಡುವಯಸ್ಸಿನವನು ಫೋನನ್ನು ಮುಖದ ಮಟ್ಟಕ್ಕೆ ಎತ್ತಿದ. ಯೋಚಿಸುವ ಮೊದಲೇ ನಾನು ಅವನೆದುರು ಹೋಗಿ ನಿಂತಿದ್ದೆ, ಎರಡೂ ಕೈ ಅಗಲಿಸಿ. ಅವನು ಗಾಬರಿಯಾದ.

"ಬಾಯಾರ, ಮಗಳ ಫೋನ್ ಬಂದೈತ್ರಿ. ರೇಂಜ್ ಸಿಗವಲ್ತು, ಅದಕ ಎತ್ತಿ ಹಿಡದೀನಿ."

ಮೇಲಿನಿಂದ ಮಾವಶಿ ನೋಡಿದಳು. "ಬಿಡ್ರಿ ಬಾಯಾರ, ಅಂವಾ ಪಾಪದಾಂವ," ಎಂದಳು. ಸಾಲಿನವರಿಗೆ ಹೇಳಿದಳು, "ನಮ್ಮ ಬಾಯಾರ ಆವತ್ತಿಂದ ಭಾಳ ಅಂಜ್ಯಾರ." ಎಲ್ಲರೂ ನಕ್ಕರು, ಅವನೂ ನಕ್ಕ. ಅವನ ಫೋನಿನಲ್ಲಿ ನಿಜವಾಗಿಯೂ ಒಂದು ಹುಡುಗಿ ಅಪ್ಪಾ ಅಪ್ಪಾ ಎನ್ನುತ್ತಿದ್ದಳು.

ಮಾವಶಿ ಕ್ಯಾನು ಖಾಲಿ ಮಾಡಿ ಮೆಟ್ಟಿಲು ಇಳಿಯುವವರೆಗೂ ನಾನು ಅವನ ಮುಂದಿನಿಂದ ಸರಿಯಲಿಲ್ಲ.